ಪ್ರಿಂಟರ್ ಪೋರ್ಟಿನ ಹಳೆಯ ಡಾಂಗಲ್ ಹೊಸ ಕಂಪ್ಯೂಟರಿನಲ್ಲಿ ನಡೆಯಬೇಕಾದರೆ ಏನು ಮಾಡಬೇಕು?

ನೀವು ಬರೆದದ್ದು ಇಷ್ಟು: ಪುಣೆಯ ಭೋಸರಿಯಲ್ಲಿ ವೈರ್‌ಕಟ್ (ವಿದ್ಯುತ್ ಹರಿಯುವ ತಂತಿಯಿಂದ ಲೋಹ ಕತ್ತರಿಸುವ) ವರ್ಕ್‌ಶಾಪ್, ವಿಂಡೋಸ್ ಎಕ್ಸ್‌ಪಿ ಮೇಲೆ ಹಳೆಯ ಕ್ಯಾಮ್ (ಯಂತ್ರಕ್ಕೆ ಪ್ರೋಗ್ರಾಂ ತಯಾರಿಸುವ) ಸಾಫ್ಟ್‌ವೇರ್, ಪ್ರಿಂಟರ್ ಪೋರ್ಟಿಗೆ ಸಿಕ್ಕಿಸಿದ ಸೆಂಟಿನೆಲ್ ಸೂಪರ್‌ಪ್ರೊ ಡಾಂಗಲ್, ಅಂದರೆ ಸಾಫ್ಟ್‌ವೇರಿನ ಲೈಸೆನ್ಸ್ ಹೊತ್ತ, ಬೀಗದಕೈಯಂಥ ಸಣ್ಣ ಸಾಧನ. ಹೊಸ ವಿಂಡೋಸ್ 11 ಕಂಪ್ಯೂಟರಿಗೆ ಪುಣೆಯ ಎಲೆಕ್ಟ್ರಾನಿಕ್ಸ್ ಪೇಟೆ ತಾಪಕೀರ್ ಗಲ್ಲಿಯಿಂದ ಯುಎಸ್‌ಬಿ-ಪ್ಯಾರಲಲ್ ಕೇಬಲ್ ತಂದಿರಿ, ಆದರೂ ಸಾಫ್ಟ್‌ವೇರಿಗೆ ಡಾಂಗಲ್ ಸಿಗುತ್ತಿಲ್ಲ. ಯಾರೋ ಡಾಂಗಲ್ಲಿನ 'ಕಾಪಿ' ಮಾಡಿಕೊಡುತ್ತೇನೆ ಎನ್ನುತ್ತಿದ್ದಾರೆ.

ಆ ಕೇಬಲ್ ವಾಪಸ್ ಕೊಟ್ಟುಬಿಡಿ. ಅದು ಪ್ರಿಂಟರಿಗೆ ಡೇಟಾ ಕಳಿಸಲು ಮಾತ್ರ ಇರುವಂಥದ್ದು. ವಿಂಡೋಸ್‌ಗೆ ಅದು ಯುಎಸ್‌ಬಿ001 ಎಂಬ ಪ್ರಿಂಟರ್ ಪೋರ್ಟಾಗಿ ಕಾಣುತ್ತದೆ. ಡಾಂಗಲ್ಲಿನ ಡ್ರೈವರ್ ಹುಡುಕುವುದು ನಿಜವಾದ ಎಲ್‌ಪಿಟಿ (ಪ್ಯಾರಲಲ್) ಪೋರ್ಟನ್ನು, ಸಾಮಾನ್ಯವಾಗಿ ಹೆಕ್ಸ್ 378 ವಿಳಾಸದಲ್ಲಿ. ಒಂದೊಂದು ಪಿನ್ನಿನ ವೋಲ್ಟೇಜನ್ನೂ ಲೆಕ್ಕದ ವೇಗದಲ್ಲಿ ಮೇಲೆ ಕೆಳಗೆ ಮಾಡಿ ಡಾಂಗಲ್ ಕೊಡುವ ಉತ್ತರ ಓದುತ್ತದೆ. ಈ ಕೇಬಲ್ಲಿನಲ್ಲಿ ಆ ದಾರಿಯೇ ಇಲ್ಲ. ಬೇರೆ ಕಂಪನಿಯ ಕೇಬಲ್ ತಂದರೂ ಅಷ್ಟೇ.

ಬೇರೆ ಏನೇ ಮಾಡುವ ಮುಂಚೆ ಎಕ್ಸ್‌ಪಿ ಹಾರ್ಡ್‌ಡಿಸ್ಕಿನ ಪೂರ್ತಿ ಇಮೇಜ್ (ಯಥಾವತ್ ಪ್ರತಿ) ತೆಗೆದಿಡಿ. ಆಮೇಲೆ ಸಾಫ್ಟ್‌ವೇರ್ ಮಾಡಿದವರಿಗೆ ಬರೆದು ಯುಎಸ್‌ಬಿ ಡಾಂಗಲ್‌ಗೆ ಬದಲಾಯಿಸಿಕೊಡಿ ಎಂದು ಕೇಳಿ. ಕೇಳಬೇಕಾದದ್ದು ಅವರನ್ನೇ, ಡಾಂಗಲ್ ತಯಾರಕರನ್ನಲ್ಲ. ಸೂಪರ್‌ಪ್ರೊ ತಂದ ರೇನ್‌ಬೋ ಕಂಪನಿ 2004ರಲ್ಲಿ ಸೇಫ್‌ನೆಟ್ ಪಾಲಾಯಿತು, ಸೇಫ್‌ನೆಟ್ 2015ರಲ್ಲಿ ಜೆಮಾಲ್ಟೊಗೆ ಹೋಯಿತು, ಜೆಮಾಲ್ಟೊ 2019ರಲ್ಲಿ ಥೇಲ್ಸ್‌ಗೆ ಸೇರಿತು. ಡ್ರೈವರ್ ಥೇಲ್ಸ್‌ನವರ ಬಳಿ ಸಿಗುತ್ತದೆ, ಆದರೆ ಡಾಂಗಲ್ಲಿನೊಳಗಿನ ಲೈಸೆನ್ಸ್ ಬರೆದವರು ನಿಮ್ಮ ಕ್ಯಾಮ್ ಕಂಪನಿಯವರು. ಬಿಲ್ ಮತ್ತು ಡಾಂಗಲ್ ಮೇಲಿನ ನಂಬರಿನ ಫೋಟೊ ಜೊತೆಗಿಡಿ. ಹಳೆಯದನ್ನು ವಾಪಸ್ ಕೇಳಿದರೆ, ಹೊಸದು ಕೈಗೆ ಬಂದು ನಡೆದ ಮೇಲೆ ಕೊಡುವುದಾಗಿ ಮಾತಾಡಿಕೊಳ್ಳಿ. ಡಾಂಗಲ್ ಕಳೆದುಹೋದರೆ ಹೊಸ ಲೈಸೆನ್ಸಿನ ಪೂರ್ತಿ ಹಣ ಕೇಳುವವರೇ ಹೆಚ್ಚು.

ಕ್ಯಾಮ್ ಕಂಪನಿ ಮುಚ್ಚಿದ್ದರೆ ಅಥವಾ ಒಪ್ಪದಿದ್ದರೆ, ನಿಜವಾದ ಪೋರ್ಟ್ ಇರುವ ಡೆಸ್ಕ್‌ಟಾಪ್ ಬೇಕು. ಬೇರೆಯಾಗಿ ಸಿಕ್ಕಿಸುವ ಪಿಸಿಐ ಎಕ್ಸ್‌ಪ್ರೆಸ್ ಪೋರ್ಟ್ ಕಾರ್ಡಿಗಿಂತ ಮದರ್‌ಬೋರ್ಡಿನ ಪೋರ್ಟೇ ವಾಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಎಚ್61, ಎಚ್81, ಎಚ್110 ಚಿಪ್‌ಸೆಟ್ಟಿನ ಹಲವು ಬೋರ್ಡುಗಳಲ್ಲಿ ಹಿಂದೆ ಪೋರ್ಟ್ ಕಾಣದಿದ್ದರೂ ಒಳಗೆ 'ಎಲ್‌ಪಿಟಿ' ಎಂದು ಬರೆದ, ಒಂದು ಪಿನ್ ಇಲ್ಲದ 26 ಪಿನ್ನಿನ ಹೆಡರ್ (ಪಿನ್ನುಗಳ ಸಾಲು) ಇರುತ್ತದೆ. ಅದರಿಂದ ಪೋರ್ಟನ್ನು ಹಿಂಬದಿಗೆ ತರುವ ಬ್ರ್ಯಾಕೆಟ್ ಕೇಬಲ್ ಸಿಗುತ್ತದೆ. ಪಿನ್ನುಗಳ ಅಂತರ 2.54 ಮಿ.ಮೀ. ಅಥವಾ 2 ಮಿ.ಮೀ., ಅಳೆದುಕೊಂಡೇ ಅಂಗಡಿಗೆ ಹೋಗಿ. ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟಿಂಗ್‌ಗಳಲ್ಲಿ) ಪೋರ್ಟ್ ವಿಳಾಸ 378, ಐಆರ್‌ಕ್ಯೂ 7, ಮೋಡ್ ಎಸ್‌ಪಿಪಿ ಅಥವಾ ಇಪಿಪಿ ಇಡಿ. ಇಸಿಪಿ ಮೋಡ್‌ನಲ್ಲಿ ಕೆಲವು ಡಾಂಗಲ್‌ಗಳು ಮೊಂಡು ಮಾಡುತ್ತವೆ.

ಕಾರ್ಡೇ ಹಾಕಬೇಕಾದರೆ ಅದರ ಪೋರ್ಟಿಗೆ ಸಾಮಾನ್ಯವಾಗಿ 378 ಸಿಗುವುದಿಲ್ಲ, ಬೇರೆ ವಿಳಾಸ ಬರುತ್ತದೆ. ಡಿವೈಸ್ ಮ್ಯಾನೇಜರಿನ ರಿಸೋರ್ಸಸ್ ಪುಟದಲ್ಲಿ ಅದನ್ನು ನೋಡಿ, ಸೆಂಟಿನೆಲ್ ಡ್ರೈವರಿನ ಕಾನ್ಫಿಗರ್ ಕಿಟಕಿಯಲ್ಲಿ ಕೈಯಾರೆ ಸೇರಿಸಿ. ಡ್ರೈವರ್ ಬಿಟ್ಟು ಪೋರ್ಟಿಗೆ ನೇರ ಹೋಗುವ ಡಾಸ್ ಕಾಲದ ಸಾಫ್ಟ್‌ವೇರ್‌ಗೆ ಈ ಉಪಾಯವೂ ಸಾಗದು. ಕಾರ್ಡಿನ ಪೋರ್ಟ್ 3.3 ವೋಲ್ಟಿನದಾದರೆ, 5 ವೋಲ್ಟ್ ನಂಬಿದ ಡಾಂಗಲ್ ಒಮ್ಮೆ ಸಿಕ್ಕಿ ಒಮ್ಮೆ ಸಿಗದೆ ಸತಾಯಿಸುತ್ತದೆ.

ಈ ಡೆಸ್ಕ್‌ಟಾಪಿನ ವಿಂಡೋಸ್ 32-ಬಿಟ್‌ನದೇ ಇರಲಿ, 7 ಅಥವಾ 10. ವಿಂಡೋಸ್ 11ರಲ್ಲಿ 32-ಬಿಟ್ ಆವೃತ್ತಿಯೇ ಇಲ್ಲ. 64-ಬಿಟ್‌ನಲ್ಲಿ 32-ಬಿಟ್ ಡ್ರೈವರ್ ಲೋಡ್ ಆಗದು, 16-ಬಿಟ್ ಪ್ರೋಗ್ರಾಂ ಓಡದು. ಸಾಫ್ಟ್‌ವೇರ್ 32-ಬಿಟ್ ಆಗಿದ್ದರೂ ಆ ಕಾಲದ ಸೆಟಪ್ ಫೈಲ್ ಎಷ್ಟೋ ಸಲ 16-ಬಿಟ್‌ನದು. ಇನ್‌ಸ್ಟಾಲ್ ಮೊದಲ ಹೆಜ್ಜೆಯಲ್ಲೇ ನಿಲ್ಲುವುದು ಅದಕ್ಕೇ. ಡಾಂಗಲ್ ಡ್ರೈವರಿನ ಸೆಟಪ್ ಆದ ಸೆಂಟಿನೆಲ್ ಪ್ರೊಟೆಕ್ಷನ್ ಇನ್‌ಸ್ಟಾಲರ್ ಹಾಕುವಾಗ 'ಕಸ್ಟಮ್' ಆರಿಸಿ, ಪ್ಯಾರಲಲ್ ಡ್ರೈವರ್ ಸೇರಿದೆಯೇ ನೋಡಿಕೊಳ್ಳಿ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ ಈ ಯಂತ್ರಕ್ಕೆ ಇಂಟರ್‌ನೆಟ್ ಬೇಡ, ಪ್ರೋಗ್ರಾಂ ಫೈಲುಗಳು ಪೆನ್‌ಡ್ರೈವಿನಲ್ಲಿ ಓಡಾಡಲಿ.

ಕಂಪ್ಯೂಟರ್ ಆನ್ ಇರುವಾಗ ಪ್ಯಾರಲಲ್ ಡಾಂಗಲ್ಲನ್ನು ತೆಗೆಯಬೇಡಿ, ಹಾಕಲೂಬೇಡಿ. ಪೋರ್ಟ್ ಸುಡಬಹುದು, ಡಾಂಗಲ್ ಕೂಡ. ಡಾಂಗಲ್ಲಿನ ಹಿಂಬದಿಗೆ ಪ್ರಿಂಟರ್ ಸಿಕ್ಕಿಸಿದ್ದರೆ ಬಿಚ್ಚಿಡಿ. ಆಫ್ ಇರುವ ಪ್ರಿಂಟರ್ ಲೈನುಗಳ ವೋಲ್ಟೇಜನ್ನು ಕೆಳಗೆಳೆದು ಡಾಂಗಲ್ ಕಾಣದಂತೆ ಮಾಡುತ್ತದೆ. ಪಿನ್ನುಗಳು ಕಪ್ಪಾಗಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಕೂಲಂಟ್ ಆವಿಯಾಡುವ ಶೆಡ್ಡಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಇದು ಬೇಗ ಆಗುತ್ತದೆ.

ಇನ್ನು 'ಕಾಪಿ'. ಅವರು ಕೊಡುವುದು ಎಮ್ಯುಲೇಟರ್, ಅಂದರೆ ಡಾಂಗಲ್ಲಿನಂತೆ ನಟಿಸುತ್ತ ವಿಂಡೋಸ್ ಕರ್ನಲ್ಲಿನೊಳಗೆ (ತಿರುಳಿನೊಳಗೆ) ಕೂರುವ, ಮಾನ್ಯ ಡಿಜಿಟಲ್ ಸಹಿಯಿಲ್ಲದ ಡ್ರೈವರ್. ಅದು ನಡೆಯಬೇಕೆಂದರೆ 64-ಬಿಟ್ ಯಂತ್ರದಲ್ಲಿ ಟೆಸ್ಟ್ ಮೋಡ್ ಹಾಕಿ, ಸೆಕ್ಯೂರ್ ಬೂಟ್ ಎಂಬ ರಕ್ಷಣೆ ತೆಗೆದು, ಅಪರಿಚಿತರ ಕೋಡಿಗೆ ಯಂತ್ರವನ್ನೇ ಒಪ್ಪಿಸಬೇಕು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಂನಲ್ಲಿ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆ ಮುರಿದರೆ ಎರಡು ವರ್ಷದವರೆಗೆ ಜೈಲು ಮತ್ತು ದಂಡವಿದೆ. ಗ್ರಾಹಕ ಕಂಪನಿಗಳ ಡ್ರಾಯಿಂಗ್ ಇರುವ ಯಂತ್ರಕ್ಕೆ ಇದನ್ನು ಖಂಡಿತ ಹಾಕಬೇಡಿ.

ಬದಲಿ ಯುಎಸ್‌ಬಿ ಡಾಂಗಲ್ ಸಿಕ್ಕರೆ ನಿಮ್ಮ ವಿಂಡೋಸ್ 11 ಯಂತ್ರವೇ ಸಾಕು. ಮೊದಲು ಡ್ರೈವರ್, ಆಮೇಲೆ ಡಾಂಗಲ್. ಈ ಕ್ರಮ ತಪ್ಪಿಸಬೇಡಿ. ಸಾಫ್ಟ್‌ವೇರ್ ಎಕ್ಸ್‌ಪಿಯನ್ನೇ ಬೇಡಿದರೆ ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಡೆಸುವ ವಿಎಂವೇರ್ ವರ್ಕ್‌ಸ್ಟೇಷನ್ ಅಥವಾ ವರ್ಚುವಲ್‌ಬಾಕ್ಸ್ ಒಳಗೆ ಎಕ್ಸ್‌ಪಿ ಹಾಕಿ ಡಾಂಗಲ್ಲನ್ನು ಅದಕ್ಕೆ ಕೊಡಿ. ವಿಂಡೋಸಿನದೇ ಹೈಪರ್-ವಿ ಬೇಡ, ಅದರಲ್ಲಿ ಯುಎಸ್‌ಬಿ ಸಾಧನ ಒಳಗೆ ದಾಟಿಸುವ ಸೌಲಭ್ಯವಿಲ್ಲ. ಕೆಲಸದ ನಡುವೆ ಡಾಂಗಲ್ ಮಾಯವಾದರೆ ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಮನೆಯಿಂದ ರಿಮೋಟ್ ಡೆಸ್ಕ್‌ಟಾಪ್ ಮೂಲಕ ತೆರೆದಾಗ ಮಾತ್ರ ಲೈಸೆನ್ಸ್ ಸಿಗದಿದ್ದರೆ ಡಾಂಗಲ್ ಕೆಟ್ಟಿದೆ ಎಂದುಕೊಳ್ಳಬೇಡಿ. ಒಬ್ಬರ ಲೈಸೆನ್ಸನ್ನು ಹಲವರು ಬಳಸದಿರಲೆಂದು ಅಂಥ ಸೆಷನ್‌ಗಳನ್ನು ತಡೆಯುವ ಸಾಫ್ಟ್‌ವೇರ್‌ಗಳು ಬಹಳ.