ನಾಡಗೀತೆ ಕಲಿಸುವ ಮುಂಚೆ ಏನು ನೋಡಿಕೊಳ್ಳಬೇಕು?

ನಮಸ್ಕಾರ ಮೇಡಂ. ರಾಜ್ಯೋತ್ಸವಕ್ಕೆ ದಾವಣಗೆರೆ ಜಿಲ್ಲಾ ಕ್ರೀಡಾಂಗಣದಲ್ಲಿ ಮಕ್ಕಳಿಂದ ನಾಡಗೀತೆ ಹಾಡಿಸಬೇಕು, ಅಭ್ಯಾಸಕ್ಕೆ ಮುಂಚೆ ಹಾಡನ್ನು ಹೇಗೆ ಬಿಡಿಸಿ ನೋಡೋದು ಅಂತ ಕೇಳಿದ್ದೀರಿ.

2022ರ ಸರ್ಕಾರಿ ಆದೇಶದ ಪ್ರಕಾರ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು, ಆಲಾಪ ಮತ್ತು ಪುನರಾವರ್ತನೆ ಇಲ್ಲ. ಹಾಗಾಗಿ ಲಯದ ಪ್ರಶ್ನೆ ಮುಗಿದಂತೆಯೇ.

ನಿಜವಾದ ಕೆಲಸ ಇರೋದು ಉಸಿರಿನಲ್ಲಿ. ಸಾಹಿತ್ಯ ಬರೆದುಕೊಂಡು, ಒಬ್ಬರೇ ಗಟ್ಟಿಯಾಗಿ ಹಾಡಿ, ಉಸಿರು ತಗೊಳ್ಳೋ ಜಾಗಕ್ಕೆಲ್ಲ ಪೆನ್ಸಿಲ್‌ನಲ್ಲಿ ಗೆರೆ ಹಾಕಿ. 'ಮಧುಸೂದನರವತರಿಸಿದ' ನೋಡಿ: ಮಕ್ಕಳು 'ಮಧುಸೂದನರ' ಅಂದು ನಿಂತು 'ವತರಿಸಿದ' ಅಂತಾರೆ, ಅರ್ಥವೇ ಕೆಡುತ್ತೆ. ಅದಕ್ಕೆ 'ರಾಘವ' ಮುಂಚೆಯೇ ಉಸಿರು ತುಂಬಿಸಿ, ಸಾಲನ್ನು ಒಂದೇ ಎಳೆಯಲ್ಲಿ ದಾಟಿಸಿ. ದೊಡ್ಡ ಗುಂಪಾದರೆ ಅಕ್ಕಪಕ್ಕದವರು ಬೇರೆ ಬೇರೆ ಕಡೆ ಉಸಿರು ತಗೊಂಡರೂ ನಡೆಯುತ್ತೆ.

ಶ್ರುತಿಯನ್ನು, ಅಂದರೆ ಹಾಡಿನ ಆಧಾರ ಸ್ವರವನ್ನು, ನಿಮ್ಮ ಕಂಠಕ್ಕೆ ಇಡಬೇಡಿ. ಹಾಡಿನ ಅತಿ ಮೇಲಿನ ಮತ್ತು ಅತಿ ಕೆಳಗಿನ ಸ್ವರ ಹುಡುಕಿ, ಎರಡನ್ನೂ ನಾಲ್ಕೈದು ಮಕ್ಕಳ ಕೈಲಿ ಹಾಡಿಸಿ, ಆಮೇಲೆ ಹಾರ್ಮೋನಿಯಂನ ಯಾವ ಮನೆಯಿಂದ (ಕೀಲಿಯಿಂದ) ಹಾಡೋದು ಅಂತ ಗಟ್ಟಿ ಮಾಡಿ. ಒಂಬತ್ತು, ಹತ್ತನೇ ಕ್ಲಾಸಿನ ಹುಡುಗರಿಗೆ ಗಂಟಲು ಒಡೆಯೋ ವಯಸ್ಸು, ಅವರನ್ನು ಮೇಲಕ್ಕೆ ಕಿರುಚಿಸಬೇಡಿ ದಯವಿಟ್ಟು.

ಬಯಲಲ್ಲಿ ದನಿ ಚದುರಿಹೋಗುತ್ತೆ. ಉಚ್ಚಾರ ಸ್ಪಷ್ಟವಿಲ್ಲದಿದ್ದರೆ ಮಾತು ತಿಳಿಯಲ್ಲ, ಅದಕ್ಕೆ 'ಭಾರತ'ದ ಭ, 'ಗಂಧ'ದ ಧ ಉಚ್ಚಾರವನ್ನು ಮೊದಲ ದಿನದಿಂದಲೇ ತಿದ್ದಿ.