ಹೊಳೆ ಬಂದಾಗ ತಂಡ ಮಾತು ಕೇಳದಿದ್ದರೆ

ಅಫಜಲಪುರ ಕಡೆ ಭೀಮಾ ಹೊಳೆ ಉಕ್ಕಿದಾಗ ನಿಮ್ಮ ರಕ್ಷಣಾ ತಂಡದ ಹುಡುಗರೆಲ್ಲ ಒಟ್ಟಿಗೆ ಕೂಗಾಡುತ್ತಾರೆ, ನಾನೇ ಹಗ್ಗ ಹಿಡಿದು ಇಳಿಯಬೇಕಾಗುತ್ತದೆ ಅಂತ ಬರೆದಿದ್ದೀರಿ. ಬಹುಶಃ ತೊಂದರೆ ಅಲ್ಲೇ ಇದೆ. ಹಗ್ಗ ಹಿಡಿದವನಿಗೆ ಹಗ್ಗವೊಂದೇ ಕಾಣುತ್ತದೆ. 2020ರ ಅಕ್ಟೋಬರ್ ಪ್ರವಾಹದಲ್ಲಿ ನಾನೂ ಇದೇ ತಪ್ಪು ಮಾಡಿದೆ.

ಮೊದಲು ಎತ್ತರದ ಜಾಗದಲ್ಲಿ ನಿಲ್ಲಿ, ಕೈ ಖಾಲಿ ಇರಲಿ. ಆಮೇಲೆ ತಂಡವನ್ನು ಸಣ್ಣ ಗುಂಪುಗಳಾಗಿ ಒಡೆಯಿರಿ. ಒಬ್ಬನ ಕೆಳಗೆ 5 ಜನ ಸಾಕು, 7 ದಾಟಿದರೆ ಕೈ ಮೀರುತ್ತದೆ. ಹೆಸರು ಹಿಡಿದು ಕರೆಯಿರಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಅವನು ಅದನ್ನೇ ತಿರುಗಿ ಹೇಳಬೇಕು. ಸುಮ್ನೆ "ಹೂಂ ಅಣ್ಣಾ" ಅಂದರೆ ಕೇಳಿಸಿಕೊಂಡ ಅಂತ ಅಲ್ಲ! ಸೇನೆಯ ವೈರ್‌ಲೆಸ್‌ನಲ್ಲೂ ಆದೇಶವನ್ನು ತಿರುಗಿ ಹೇಳಿಸುತ್ತಾರೆ. ಇನ್ನೊಬ್ಬನಿಗೆ ತಲೆ ಎಣಿಸುವುದಷ್ಟೇ ಕೆಲಸ. 112ಕ್ಕೆ ಫೋನ್ ಮಾಡುವವನೂ ಮೊದಲೇ ಗೊತ್ತಾಗಿರಲಿ.

ನೀರಿಗೆ ಇಳಿಯುವುದು ಕಟ್ಟಕಡೆಗೆ. ಮೊದಲು ಕೋಲು ಚಾಚಿ, ಆಗದಿದ್ದರೆ ಹಗ್ಗ ಎಸೆಯಿರಿ, ಆಮೇಲೆ ದೋಣಿ.

ತಂಡದೊಳಗೆ ಹಳೇ ಜಗಳ ಇದ್ದರೆ ಇಷ್ಟರಿಂದಲೇ ಸರಿಹೋಗುತ್ತದೋ ಹೇಳಲಾರೆ. ಬರುವ ಭಾನುವಾರ ಒಣ ನೆಲದಲ್ಲೇ ಒಂದು ಸಲ ಮಾಡಿ ನೋಡಿ. ಯಾರು ತಿರುಗಿ ಹೇಳುವುದಿಲ್ಲವೋ ಅವನಿಗೆ ಹಗ್ಗ ಕೊಡಬೇಡಿ.