ಫ್ಲೈಓವರ್ ಕೆಳಗಿರುವ ಕುಟುಂಬಕ್ಕೆ ಬಾಡಿಗೆ ಮನೆ ಮಾಡಿಕೊಡಬೇಕು, ಎಲ್ಲಿಂದ ಶುರು ಮಾಡೋದು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಬೆಂಗಳೂರಿನಲ್ಲಿ ನಿಮ್ಮ ಅಪಾರ್ಟ್‌ಮೆಂಟ್ ಪಕ್ಕದ ಫ್ಲೈಓವರ್ ಕೆಳಗೆ ಗಂಡ, ಹೆಂಡತಿ, ಮೂರು ಮಕ್ಕಳು ಇದ್ದಾರೆ. ಗಾರೆ ಕೆಲಸಕ್ಕೆ ಹೋಗುತ್ತಾರೆ. ನೀವು ಏಳೆಂಟು ಮನೆಯವರು ದುಡ್ಡು ಹಾಕಿ ಅವರಿಗೊಂದು ಬಾಡಿಗೆ ಮನೆ ಮಾಡಿಕೊಡಬೇಕು ಅಂತಿದ್ದೀರಿ. ಎಷ್ಟು ಬೇಕಾಗುತ್ತೆ, ಎಲ್ಲಿಂದ ಶುರು ಮಾಡಬೇಕು, ಅದಕ್ಕಿಂತ ಶೆಲ್ಟರ್‌ಗೆ ಸೇರಿಸೋದೇ ವಾಸಿನಾ ಅಂತ ಕೇಳಿದ್ದೀರಿ.

ನಮ್ಮ ಬಡಾವಣೆಯ ಕೆಲವರು ಇಂಥ ಕೆಲವು ಕುಟುಂಬಗಳ ಜೊತೆ ನಿಂತಿದ್ದೇವೆ. ಸಂಸ್ಥೆ ಅಂತೇನೂ ಇಲ್ಲ. ಬ್ಯಾಂಕಿನಿಂದ ರಿಟೈರ್ ಆದವರೊಬ್ಬರು, ಒಬ್ಬ ಟೀಚರ್, ಕಿರಾಣಿ ಅಂಗಡಿಯವರು, ನಾನು, ಹೀಗೆ. ಆ ಅನುಭವದಿಂದ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಡ್ವಾನ್ಸ್ ದುಡ್ಡು ಸೇರಿಸೋದು ಸುಲಭ. ಉತ್ಸಾಹ ಇದ್ದಾಗ ಒಂದೇ ವಾರದಲ್ಲಿ ಸೇರುತ್ತೆ. ಕಷ್ಟ ಇರೋದು ನಾಲ್ಕನೇ ತಿಂಗಳ ಬಾಡಿಗೆಯಲ್ಲಿ. ಆ ಹೊತ್ತಿಗೆ ನಿಮ್ಮ ಗುಂಪಿನಲ್ಲಿ ಯಾರು ಇರುತ್ತಾರೆ, ಕೈಯಲ್ಲಿ ಎಷ್ಟು ಉಳಿದಿರುತ್ತೆ ಅನ್ನೋದನ್ನು ಮೊದಲು ತೀರ್ಮಾನ ಮಾಡಿ. ಮನೆ ಹುಡುಕೋದು ಆಮೇಲೆ.

ಶುರು ಎಲ್ಲಿಂದ ಅಂದರೆ, ಆ ಗಂಡ ಹೆಂಡತಿಯನ್ನು ಕೇಳೋದರಿಂದ. ಇಬ್ಬರನ್ನೂ ಕೂರಿಸಿಕೊಂಡು ಕೇಳಿ. ಬೆಳಗ್ಗೆ ಕೂಲಿಗೆ ಯಾವ ಸರ್ಕಲ್ಲಿನಲ್ಲಿ ನಿಲ್ಲುತ್ತಾರೆ? ಮೇಸ್ತ್ರಿ ಯಾರು? ಬಟವಾಡೆ ಯಾವ ದಿನ? ಊರಿಗೆ ಯಾವಾಗ ಹೋಗುತ್ತಾರೆ? ಸಾಲ ಎಷ್ಟಿದೆ, ಯಾರ ಹತ್ತಿರ? ಯಾದಗಿರಿ ಕಡೆಯ ಒಬ್ಬ ತಾಯಿ ನಮಗೆ ಹೇಳಿದ ಮಾತು ಇನ್ನೂ ನೆನಪಿದೆ. "ಮನಿ ಬ್ಯಾಡ ಅಂತಲ್ರೀ ಅಕ್ಕಾರ. ಬಾಡಿಗಿ ತಪ್ಪಿದ್ರ ಸಾಮಾನು ಹೊರಗ ಒಗೀತಾರ. ಇಲ್ಲಿ ಹೊರಗ ಒಗಿಯೋರು ಯಾರೂ ಇಲ್ಲ." ಅವರು ಮನೆಗೆ ಹೋಗಲು ಹಿಂಜರಿದಿದ್ದು ಈ ಲೆಕ್ಕ ಹಾಕಿ. ಬೀದಿಯೇ ಇಷ್ಟ ಅಂತ ಯಾರೂ ಇರಲ್ಲ. ಅವರ ಭಯಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಜಾಗದ ವಿಷಯ ಬಾಡಿಗೆಯಷ್ಟೇ ಮುಖ್ಯ. ಊರಾಚೆ ಎಲ್ಲೋ ಎರಡು ಸಾವಿರ ಕಡಿಮೆಗೆ ಮನೆ ಸಿಗುತ್ತೆ ಅಂತ ಅಲ್ಲಿಗೆ ಕಳಿಸಬೇಡಿ. ಕೂಲಿಯವರು ಬೆಳಗ್ಗೆ ಎಂಟರೊಳಗೆ ಸರ್ಕಲ್ಲಿನಲ್ಲಿ ಇರದಿದ್ದರೆ ಆ ದಿನದ ಕೆಲಸ ಹೋಯಿತು. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಉಚಿತ ಆಗಿರಬಹುದು. ಗಂಡಸರಿಗೆ ಟಿಕೆಟ್ ಇದೆ, ಇಬ್ಬರಿಗೂ ಟ್ರಾಫಿಕ್ ಇದೆ. 2013ರ ಜನವರಿಯಲ್ಲಿ ಈಜಿಪುರದ ಇಡಬ್ಲ್ಯೂಎಸ್ (ಆರ್ಥಿಕವಾಗಿ ಹಿಂದುಳಿದವರ) ಕ್ವಾರ್ಟರ್ಸ್ ಜಾಗದಲ್ಲಿದ್ದ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕೆಡವಿದ್ದು ನಿಮಗೆ ನೆನಪಿರಬಹುದು. ಎಷ್ಟೋ ಕುಟುಂಬಗಳು ಅಲ್ಲೇ ಸುತ್ತಲಿನ ಫುಟ್‌ಪಾತ್ ಮೇಲೆ ಉಳಿದವು. ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆಯಲ್ಲಿ ಮನೆ ಕೊಡುವ ಮಾತು ಬಂತು. ಆದರೆ ಆ ಹೆಂಗಸರಲ್ಲಿ ಬಹಳ ಜನ ಕೋರಮಂಗಲದ ಮನೆಗಳಲ್ಲಿ ಕೆಲಸ ಮಾಡುವವರು. ಮಕ್ಕಳ ಶಾಲೆಯೂ ಅಲ್ಲೇ. ಕೆಲಸ ಬಿಟ್ಟು ದೂರದ ಮನೆಗೆ ಹೋಗಿ ಏನು ತಿನ್ನೋದು? ನನ್ನ ಅಭಿಪ್ರಾಯ ಕೇಳಿದರೆ, ಕೆಲಸದಿಂದ ನಡೆದು ಹೋಗುವಷ್ಟು ದೂರದಲ್ಲಿ ಚಿಕ್ಕ ಶೀಟಿನ ಮನೆ ಸಿಕ್ಕರೂ ಸಾಕು. ದೂರದ ಆರ್‌ಸಿಸಿ ಮನೆಗಿಂತ ಅದು ಒಳ್ಳೆಯದು.

ಇನ್ನು ದುಡ್ಡಿಗೆ ಬರೋಣ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳುವುದು ಹಳೆಯ ರೂಢಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ತಗೊಳ್ಳಬಾರದು ಅನ್ನುತ್ತೆ. ವಠಾರದ ಮಾಲೀಕರ ಮುಂದೆ ಅದನ್ನು ಹೇಳಿ ಏನೂ ಆಗಲ್ಲ. ಅದು ಮಾದರಿ ಮಾತ್ರ. ಆದರೂ ಚೌಕಾಸಿ ಮಾಡಿ. ನಮ್ಮ ಕಡೆ ಐದು ಸಾವಿರ ಬಾಡಿಗೆಯ ಒಂದು ಕೋಣೆಗೆ ಐವತ್ತು ಸಾವಿರ ಕೇಳಿದವರು, ನಾವು ನಾಲ್ಕು ಜನ ಹೋಗಿ ಮಾತಾಡಿದ ಮೇಲೆ ಇಪ್ಪತ್ತೈದಕ್ಕೆ ಒಪ್ಪಿದರು. ಒಪ್ಪಿಸಿದ್ದು ನಮ್ಮ ದುಡ್ಡಲ್ಲ, ಪಕ್ಕದ ಬೀದಿಯ ಪರಿಚಯ. "ಏನಾದರೂ ಆದರೆ ನಮಗೆ ಫೋನ್ ಮಾಡಿ" ಅಂತ ಹೇಳಿದ್ದಕ್ಕೆ ಬೆಲೆ ಸಿಕ್ಕಿತು. ಬೀದಿಯಲ್ಲಿರುವ ಕುಟುಂಬಕ್ಕೆ ಇಲ್ಲದೇ ಇರೋದು ಇದೇ. ಅವರ ಪರವಾಗಿ ಹೀಗೆ ಹೇಳಲು ಈ ಊರಿನಲ್ಲಿ ಒಬ್ಬರೂ ಇರಲ್ಲ.

ಮಾಲೀಕರು "ಯಾವ ಜನ?" ಅಂತ ಕೇಳುತ್ತಾರೆ. ಇದನ್ನು ಮುಚ್ಚಿಡಬಾರದು ಅಂತ ಬರೆಯುತ್ತಿದ್ದೇನೆ. ಜಾತಿ ಕೇಳಿ, ಮಾಂಸ ತಿನ್ನುತ್ತಾರಾ ಅಂತ ಕೇಳಿ, ಆಮೇಲೆ "ಮನೆ ಈಗ ತಾನೇ ಹೋಯಿತು" ಅನ್ನುವವರು ಬಹಳ ಜನ ಸಿಗುತ್ತಾರೆ. ಕುಟುಂಬವನ್ನು ಜೊತೆಗೆ ಕರೆದುಕೊಂಡು ಹೋಗಿ ಆ ಮಾತು ಕೇಳಿಸಬೇಡಿ. ಮೊದಲು ನೀವು ಹೋಗಿ ವಿಚಾರಿಸಿ. ಆ ಪ್ರಶ್ನೆ ಕೇಳದ ಮಾಲೀಕರೂ ಇದ್ದಾರೆ. ತಾವೇ ಒಂದು ಕಾಲದಲ್ಲಿ ಊರು ಬಿಟ್ಟು ಕೂಲಿಗೆ ಬಂದು, ದುಡಿದು ನಾಲ್ಕು ಶೀಟಿನ ಕೋಣೆ ಕಟ್ಟಿಸಿದವರು. ನಮಗೆ ಮನೆ ಸಿಕ್ಕಿದ್ದು ಹೆಚ್ಚಾಗಿ ಅಂಥವರ ಹತ್ತಿರವೇ.

ಕರಾರು ಪತ್ರ ಆ ಕುಟುಂಬದ ಹೆಸರಿನಲ್ಲೇ ಇರಲಿ, ಸಾಧ್ಯವಾದರೆ ಹೆಂಡತಿಯ ಹೆಸರಿನಲ್ಲಿ. ನಿಮ್ಮ ಹೆಸರಿನಲ್ಲಿ ಮಾಡಿಸಬೇಡಿ. ಈ ಊರಿನಲ್ಲಿ ಅವರಿಗೆ ವಿಳಾಸ ಅಂತ ಸಿಗುವ ಮೊದಲ ಕಾಗದ ಅದು. ಅಡ್ವಾನ್ಸ್ ಎಷ್ಟು, ಮನೆ ಬಿಟ್ಟಾಗ ಯಾರ ಕೈಗೆ ವಾಪಸ್ ಬರಬೇಕು ಅನ್ನೋದನ್ನು ಸ್ಪಷ್ಟವಾಗಿ ಬರೆಸಿ. ಕರೆಂಟಿಗೆ ಬೇರೆ ಮೀಟರ್ ಇದೆಯಾ ಅಂತ ಅದಕ್ಕೂ ಮೊದಲೇ ನೋಡಿ. ವಠಾರಕ್ಕೆಲ್ಲ ಒಂದೇ ಮೀಟರ್ ಇದ್ದರೆ ಗೃಹಜ್ಯೋತಿಯ ಲಾಭ ಬಾಡಿಗೆದಾರರಿಗೆ ಸಿಗಲ್ಲ. ಮಾಲೀಕರು ಹೇಳಿದಷ್ಟು ಕೊಡಬೇಕು.

ನಾಲ್ಕನೇ ತಿಂಗಳು ಯಾಕೆ ಕಷ್ಟ ಅಂತ ಹೇಳುತ್ತೇನೆ. ಕೂಲಿಯವರಿಗೆ ಬಟವಾಡೆ ವಾರಕ್ಕೊಮ್ಮೆ. ಬಾಡಿಗೆ ತಿಂಗಳಿಗೊಮ್ಮೆ. ವಾರದ ದುಡ್ಡು ವಾರದಲ್ಲೇ ಅಕ್ಕಿ, ಎಣ್ಣೆ, ಮಗುವಿನ ಔಷಧಿ, ಸಾಲದ ಕಂತು ಅಂತ ಹೋಗುತ್ತೆ. ಐದನೇ ತಾರೀಖಿಗೆ ಒಟ್ಟಿಗೆ ಐದು ಸಾವಿರ ತೆಗೆದಿಡೋದು ಅವರಿಗೆ ಅಭ್ಯಾಸ ಇಲ್ಲ ಅಂತಲ್ಲ, ಆ ಲೆಕ್ಕವೇ ಅವರ ಸಂಪಾದನೆಗೆ ಹೊಂದಲ್ಲ. ನಾವು ಮಾಡಿದ್ದು ಇಷ್ಟೇ. ಬಟವಾಡೆ ದಿನ ಸಂಜೆ ಆ ಯಾದಗಿರಿ ಕಡೆಯ ತಾಯಿ ಸಾವಿರದ ಇನ್ನೂರೈವತ್ತು ರೂಪಾಯಿ ನಮ್ಮ ಕಿರಾಣಿ ಅಂಗಡಿಯವರ ಹತ್ತಿರ ಕೊಟ್ಟು ಹೋಗುತ್ತಿದ್ದರು. ಅವರು ಒಂದು ಪುಟ್ಟ ಪುಸ್ತಕದಲ್ಲಿ ಬರೆದು ಸಹಿ ಹಾಕಿಸುತ್ತಿದ್ದರು. ತಿಂಗಳ ಕೊನೆಗೆ ಬಾಡಿಗೆ ತಯಾರಾಗಿರುತ್ತಿತ್ತು. ಆಮೇಲೆ ಆ ತಾಯಿಯೇ ಬ್ಯಾಂಕ್ ಖಾತೆಗೆ ಹಾಕಲು ಶುರು ಮಾಡಿದರು. ಬಾಡಿಗೆ ಅವರೇ ಕೊಡಲಿ. ಮೊದಲ ತಿಂಗಳಿಂದಲೂ. ನೀವು ಪೂರ್ತಿ ಬಾಡಿಗೆ ಕಟ್ಟಿದರೆ ನೀವು ನಿಲ್ಲಿಸಿದ ದಿನ ಅವರು ಮತ್ತೆ ಫ್ಲೈಓವರ್ ಕೆಳಗೆ ಬರಬೇಕಾಗುತ್ತೆ.

ಹಾಗಂತ ದುಡ್ಡು ಬೇಡ ಅಂತಲ್ಲ. ಅಡ್ವಾನ್ಸ್ ಬಿಟ್ಟು ಮೂರು ತಿಂಗಳ ಬಾಡಿಗೆಯಷ್ಟು ಬೇರೆ ತೆಗೆದಿಡಿ. ಮುಟ್ಟಬೇಡಿ. ಕೆಟ್ಟ ತಿಂಗಳು ಬಂದೇ ಬರುತ್ತೆ. ಮಳೆಗಾಲದಲ್ಲಿ ಕಾಮಗಾರಿ ನಿಲ್ಲುತ್ತೆ. ಸೆಂಟ್ರಿಂಗ್‌ನಿಂದ ಬಿದ್ದು ಕಾಲು ಮುರಿಯುತ್ತೆ. ಊರಲ್ಲಿ ಜಾತ್ರೆ, ಮೊಹರಂ, ತಂಗಿಯ ಮದುವೆ ಅಂತ ಮೂರು ವಾರ ಹೋಗುತ್ತಾರೆ. ಆಗ ಸಂಪಾದನೆ ಇಲ್ಲ, ಬಾಡಿಗೆ ಇದೆ. ಮಾಲೀಕರು ಬೀಗ ನೋಡಿ "ಓಡಿಹೋದರು" ಅಂದುಕೊಳ್ಳುತ್ತಾರೆ. ಒಂದು ಫೋನ್ ಮಾಡಿ "ಹತ್ತೊಂಬತ್ತಕ್ಕೆ ಬರುತ್ತಾರೆ, ಬಾಡಿಗೆ ನಾವು ಕೊಟ್ಟಿರುತ್ತೇವೆ, ಬಂದು ತೀರಿಸುತ್ತಾರೆ" ಅಂದರೆ ಮುಗಿಯಿತು. ಎಷ್ಟೋ ಮನೆಗಳು ಕೈ ತಪ್ಪೋದು ಆ ಒಂದು ಫೋನ್ ಇಲ್ಲದೆ.

ಕಾಗದಪತ್ರದ ಬಗ್ಗೆ ನಿಮಗೆ ಉಪಯೋಗ ಆಗುವ ಕೆಲವು ಸಂಗತಿಗಳಿವೆ. ಊರಿನಲ್ಲಿ ರೇಷನ್ ಕಾರ್ಡ್ ಇದೆಯಾ ಕೇಳಿ. ಇದ್ದರೆ ಹೊಸದು ಬೇಡ, ಅದೇ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಸಿಗುತ್ತೆ. ಗೃಹಲಕ್ಷ್ಮಿಯ ಎರಡು ಸಾವಿರಕ್ಕೂ ಅದೇ ಕಾರ್ಡ್ ಆಧಾರ. ಆ ದುಡ್ಡು ಬರುತ್ತಿದೆಯಾ, ಯಾರ ಖಾತೆಗೆ ಬರುತ್ತಿದೆ ನೋಡಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಮಾಡಿಸಿ. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಅದು ಅವರ ಹಕ್ಕು. ಗ್ಯಾಸಿಗೆ 5 ಕೆಜಿಯ ಚಿಕ್ಕ ಸಿಲಿಂಡರ್ ವಿಳಾಸದ ದಾಖಲೆ ಇಲ್ಲದೆಯೂ ಸಿಗುತ್ತೆ. ವೋಟರ್ ಐಡಿಗೆ ಮನೆಯೇ ಬೇಕಿಲ್ಲ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಚುನಾವಣಾ ಆಯೋಗದ ನಿಯಮದ ಪ್ರಕಾರ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಬಂದು ಆ ವ್ಯಕ್ತಿ ಅಲ್ಲೇ ಮಲಗುತ್ತಾರೆ ಅಂತ ಖಚಿತ ಮಾಡಿಕೊಂಡರೆ ಸಾಕು.

ಮಕ್ಕಳ ಶಾಲೆಗೆ ಮನೆ ಆಗುವವರೆಗೂ ಕಾಯಬೇಡಿ. ನಾಳೆಯೇ ಹೋಗಿ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಟಿಸಿ ಇಲ್ಲ, ಜನನ ಪತ್ರ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ. ಓದು ಬಿಟ್ಟಿದ್ದರೆ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಸರ್ಕಾರಿ ಶಾಲೆಯ ಹೆಡ್ಮಿಸ್ ಹತ್ತಿರ ಪಕ್ಕದ ಬೀದಿಯವರೊಬ್ಬರು ಜೊತೆಗೆ ಹೋದರೆ ಕೆಲಸ ಬೇಗ ಆಗುತ್ತೆ.

ಶೆಲ್ಟರ್ ಬಗ್ಗೆ ಕೇಳಿದ್ದೀರಿ. ಸುಪ್ರೀಂ ಕೋರ್ಟ್ 2010ರಲ್ಲೇ ದೊಡ್ಡ ನಗರಗಳಲ್ಲಿ ಪ್ರತಿ ಒಂದು ಲಕ್ಷ ಜನಕ್ಕೆ ಒಂದು ಆಶ್ರಯ ಕೇಂದ್ರ ಬೇಕು ಅಂತ ಹೇಳಿದೆ. 2011ರ ಜನಗಣತಿಯಲ್ಲಿ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಹಳೆಯ ಲೆಕ್ಕದಲ್ಲೇ 84 ಕೇಂದ್ರ ಇರಬೇಕಿತ್ತು. ಅಷ್ಟು ಆಗಲಿಲ್ಲ. ಇರುವುದರಲ್ಲೂ ಹೆಚ್ಚಿನವು ಒಂಟಿ ಗಂಡಸರಿಗೆ. ಕುಟುಂಬ ಒಟ್ಟಿಗೆ ಇರುವಂಥದ್ದು ಕಡಿಮೆ. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಮಲಗುವ ಪರಿಸ್ಥಿತಿ ಬರುತ್ತೆ. ಜೋರು ಮಳೆಯ ರಾತ್ರಿ, ಬಾಣಂತಿ ಇದ್ದಾಗ, ಹೆಂಗಸಿಗೆ ಅಪಾಯ ಇದ್ದಾಗ ಶೆಲ್ಟರ್ ಖಂಡಿತ ಬೇಕು. ಅಲ್ಲಿಂದ ಒಂದು ಅನುಕೂಲವೂ ಇದೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪತ್ರ ಆಧಾರ್ ಮಾಡಿಸಲು ನಡೆಯುತ್ತೆ. ಆದರೆ ದುಡಿಯುವ ಕುಟುಂಬ ಶೆಲ್ಟರ್ ದಾಟಿಯೇ ಮನೆಗೆ ಹೋಗಬೇಕು ಅಂತೇನಿಲ್ಲ. ಫಿನ್ಲೆಂಡಿನಲ್ಲಿ 2008ರಿಂದ ಸರ್ಕಾರವೇ ಈ ದಾರಿ ಹಿಡಿದಿದೆ. ಮೊದಲು ಸ್ವಂತ ಬಾಡಿಗೆ ಕರಾರಿನ ಮನೆ, ಬೇಕಾದ ಸಹಾಯ ಆಮೇಲೆ. ಅಲ್ಲಿ ಮನೆ ಕೊಡಲು ಸರ್ಕಾರ ಇದೆ. ಇಲ್ಲಿ ಸದ್ಯಕ್ಕೆ ನೀವಿದ್ದೀರಿ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಯಾರೋ "ಭಿಕ್ಷುಕರನ್ನು ಕರೆದುಕೊಂಡು ಹೋಗೋರಿಗೆ ಫೋನ್ ಮಾಡೋಣ" ಅಂದರು ಅಂತ ಬರೆದಿದ್ದೀರಿ. ದಯವಿಟ್ಟು ತಡೆಯಿರಿ. 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದವರನ್ನು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುತ್ತಾರೆ. ಆ ಗಂಡ ಹೆಂಡತಿ ಭಿಕ್ಷುಕರಲ್ಲ. ಕಟ್ಟಡ ಕಟ್ಟುವವರು. ನಿಮ್ಮ ಏರಿಯಾದ ಯಾವ ಕಟ್ಟಡಕ್ಕೆ ಅವರು ಇಟ್ಟಿಗೆ ಹೊತ್ತಿದ್ದಾರೆ ಅಂತ ಕೇಳಿ ನೋಡಿ, ಆ ಮಾತು ಆಡಿದವರಿಗೂ ತಿಳಿಸಿ. ನಮ್ಮಲ್ಲಿ ವಿರೋಧ ಮಾಡಿದವರೊಬ್ಬರು ಆಮೇಲೆ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಡಲು ಬಂದರು.

ಯಾರೂ ಮುಂಚೆ ಹೇಳದ ಒಂದು ವಿಷಯ ಇದೆ. ನಾವು ಜೊತೆ ನಿಂತ ಆ ಯಾದಗಿರಿ ಕಡೆಯ ಕುಟುಂಬಕ್ಕೆ ಬೀದಿಯಲ್ಲಿ ಜನ ಇದ್ದರು. ಪಕ್ಕದ ಜೋಪಡಿಯ ಅಜ್ಜಿ ಮಗು ನೋಡಿಕೊಳ್ಳುತ್ತಿದ್ದರು. ಜ್ವರ ಬಂದರೆ ಇನ್ನೊಬ್ಬರು ಗಂಜಿ ಕಾಯಿಸುತ್ತಿದ್ದರು. ಮನೆಗೆ ಬಂದ ಮೇಲೆ ಬಾಗಿಲು ಹಾಕಿದರೆ ಒಬ್ಬರೇ. ಮೊದಲ ತಿಂಗಳು ಆ ತಾಯಿ ಅತ್ತಿದ್ದನ್ನು ನಾನು ನೋಡಿದ್ದೇನೆ. ಅದಕ್ಕೇ ಸಾಮಾನು ಇಳಿಸಿದ ದಿನವೇ ಪಕ್ಕದ ಕೋಣೆಯವರ ಪರಿಚಯ ಮಾಡಿಸಿ. ಚಿಕ್ಕ ಮಗುವನ್ನು ಅಂಗನವಾಡಿಗೆ ಸೇರಿಸಿ. ವಠಾರದಲ್ಲಿ ಹೆಂಗಸರ ಸಂಘ ಇದ್ದರೆ ಅಲ್ಲಿ ಹೇಳಿ. ಫ್ಲೈಓವರ್ ಕೆಳಗೆ ಉಳಿದವರನ್ನು ನೋಡಲು ಅವರು ವಾಪಸ್ ಹೋದರೆ ಬೇಸರ ಮಾಡಿಕೊಳ್ಳಬೇಡಿ. ಅವರೆಲ್ಲ ಅವರ ನೆಂಟರ ಹಾಗೆಯೇ. ಮುಂದಿನ ಮನೆ ಅವರಲ್ಲೊಬ್ಬರಿಗೆ ಆಗಬೇಕು ಅಂತ ನಿಮಗೆ ಹೇಳೋದೂ ಇವರೇ.

ನೀವು ಏಳೆಂಟು ಮನೆಯವರಲ್ಲಿ ಒಂದು ವರ್ಷ ಇರುತ್ತೇವೆ ಅನ್ನುವವರು ಇಬ್ಬರು ಸಿಕ್ಕರೆ ಶುರು ಮಾಡಿ. ಏರಿಯಾ ಯಾವುದು, ಅವರು ಕೂಲಿಗೆ ಎಲ್ಲಿ ನಿಲ್ಲುತ್ತಾರೆ, ಯಾವ ಜಿಲ್ಲೆಯವರು ಅಂತ ಇಲ್ಲಿ ಬರೆಯಿರಿ. ಕರಾರು ಪತ್ರದಲ್ಲಿ ಏನೇನು ಬರೆಸಬೇಕು ಅನ್ನೋದನ್ನು ಕೆಳಗೆ ಪ್ರತ್ಯೇಕವಾಗಿ ಹಾಕುತ್ತೇನೆ.